ಅದಲು ಬದಲಾದ ಎರಡು ಅಂಕಿ: ಉದ್ಯಮಬಾಗದ ಒಂದು ಪ್ರೋಗ್ರಾಂ, ಅದರ ಎರಡು ಪ್ರತಿ

ಗಿರಾಕಿಯ ಫೋನ್ ಬಂದದ್ದು ಬುಧವಾರ ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ. "ನಿಮ್ಮ ಹೌಸಿಂಗ್‌ನ್ಯಾಗ ಒಂದ್ ಪಿನ್ ಕೂಡತೈತಿ, ಇನ್ನೊಂದ್ ಕೂಡವಲ್ದು. ಎರಡನೇ ಟೆಂಪೋದಾಗ ಬಂದದ್ದು ಪೂರಾ ಹಂಗ ಐತಿ." ಡಬ್ಬಿ ಮತ್ತೆ ಮುಚ್ಚಿದೆ.

ನಮ್ಮದು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಮಶೀನ್ ಶಾಪ್. ಸುತ್ತಮುತ್ತ ಫೌಂಡ್ರಿಗಳಿವೆ. ಅಲ್ಲಿಂದ ಬೀಡು ಕಬ್ಬಿಣದ ಎರಕ ಬರುತ್ತದೆ. ನಾವು ಅದಕ್ಕೆ ಫೇಸಿಂಗ್, ಬೋರ್, ತೂತು ಮಾಡಿ ಕಳಿಸುತ್ತೇವೆ. ಎರಡು ವಿಎಂಸಿ ಇವೆ, ಅಂದರೆ ಪ್ರೋಗ್ರಾಂ ಓದಿ ತಾನೇ ಕೊರೆಯುವ ಮಶೀನ್. ಒಂದು ಹೊಸದು, ಇನ್ನೊಂದು ಹಳೆಯ ಫ್ಯಾನಕ್ ಕಂಪನಿಯ ಕಂಟ್ರೋಲ್ (ಮಶೀನ್ ನಡೆಸುವ ಕಂಪ್ಯೂಟರ್) ಇರುವ ಮುದುಕ. ಪ್ರೋಗ್ರಾಂ ಮತ್ತು ಸೆಟ್ಟಿಂಗ್ ನನ್ನ ಕೆಲಸ. ಗೋಳು ಶುರುವಾದದ್ದು ಮುದುಕನ ಮೇಲೆ.

ಪೀಸು ಒಂದು ಪಂಪ್ ಹೌಸಿಂಗ್. ಅದರ ಮುಖದ ಮೇಲೆ 10 ಮಿಲಿಮೀಟರಿನ ಎರಡು ಡಾವೆಲ್ ತೂತು, ಅಂದರೆ ಜೋಡಿಸುವ ಪಿನ್ ಕೂರುವ ತೂತು. ನಡುವಿನ ಅಂತರ 85.70. ಅಂದರೆ ನಡುಗೆರೆಯಿಂದ ಆ ಕಡೆ 42.85, ಈ ಕಡೆ 42.85. ತೂತಿನ ಅಳತೆ ಎಚ್7. ಹಾಗಂದರೆ 10.000ದಿಂದ 10.015ರ ಒಳಗೆ ಇರಬೇಕು, ಹದಿನೈದು ಮೈಕ್ರಾನ್ ಮಾತ್ರ ಆಟ. ಅದನ್ನು ಪ್ಲಗ್ ಗೇಜ್ ಹಾಕಿ ಪ್ರತಿ ಪೀಸಿಗೂ ನೋಡುತ್ತೇವೆ. ಆದರೆ ತೂತು ಎಲ್ಲಿ ಇದೆ ಅನ್ನುವುದನ್ನು ಗೇಜ್ ಹೇಳಲ್ಲ. ಅದಕ್ಕೆ ಸಿಎಂಎಂ ಅನ್ನುವ ಅಳತೆ ಮಶೀನ್ ಬೇಕು, ಅದು ನಮ್ಮಲ್ಲಿಲ್ಲ. ಹೊರಗೆ ಕೊಟ್ಟು ಮೊದಲ ಪೀಸು ಮಾತ್ರ ನೋಡಿಸುತ್ತೇವೆ. ಮೊದಲ ಪೀಸು ಚೊಕ್ಕ ಇತ್ತು. ಲಾಟು 60ರದ್ದು. ಎಲ್ಲವೂ ವಾಪಸು ಬಂದ ಮೇಲೆ ಅಳೆದರೆ 21 ಸರಿ, 39 ತಪ್ಪು. ತಪ್ಪಿದ್ದರಲ್ಲೆಲ್ಲ ಬಲಗಡೆಯ ತೂತು ಒಳಕ್ಕೆ ಸರಿದಿತ್ತು, ಸುಮಾರು 0.27.

ಸಾವಕಾರರು ಮೊದಲು ಪೀಸು ಹಿಡಿಯುವ ಫಿಕ್ಸ್‌ಚರ್ ಅಲುಗಾಡಿರಬೇಕು ಅಂದರು. ಫಿಕ್ಸ್‌ಚರ್ ಸರಿದರೆ ಎರಡೂ ತೂತು ಜೊತೆಗೇ ಸರಿಯಬೇಕು, ಒಂದೇ ಹೇಗೆ ಸರಿಯುತ್ತೆ? ಪ್ರೋಗ್ರಾಂನಲ್ಲೇ ಏನೋ ಆಗಿದೆ ಅಂದೆ. ಅದಕ್ಕೆ ಅವರ ಬಳಿ ಉತ್ತರ ತಯಾರಿತ್ತು: "ಪಿಸಿ ಒಳಗಿಂದು ಸರಿ ಐತೆಲ್ಲ? ಅದನ್ನ ಹೊಳ್ಳಿ ಮಶೀನಿಗೆ ಹಾಕಿ ಬಿಡ್ರಿ. ಮುಗೀತು."

ಹಾಕಬಹುದಿತ್ತು. ಐದು ನಿಮಿಷದ ಕೆಲಸ. ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಶಾಪಿನಲ್ಲಿ ಅದನ್ನೇ ಮಾಡುತ್ತಾರೆ. ನಾನು ಬೇಡ ಅಂದೆ. ಈ ಲಾಟು ರಾತ್ರಿ ಪಾಳಿಯಲ್ಲೂ ಓಡಿತ್ತು. ರಾತ್ರಿ ಪಾಳಿಯ ಹುಡುಗ ಚುರುಕು. ಶಬ್ದ ಕೇಳಿಯೇ ಫೀಡ್, ಅಂದರೆ ಟೂಲು ಮುಂದೆ ಸಾಗುವ ವೇಗ, ಇಳಿಸುವವನು. ಅವನು ಮಶೀನಿನ ಮೇಲೆಯೇ ಏನೇನು ತಿದ್ದಿದ್ದಾನೋ ನನಗೆ ಗೊತ್ತಿರಲಿಲ್ಲ. ಮೇಲೆ ಮೇಲೆ ಹೊಸದು ಹಾಕಿದರೆ ತಪ್ಪೂ ಹೋಗುತ್ತೆ, ಅವನು ಕಂಡುಕೊಂಡ ಒಳ್ಳೆಯದೂ ಹೋಗುತ್ತೆ. ತಪ್ಪು ಎಲ್ಲಿತ್ತು ಅಂತ ಯಾವತ್ತೂ ತಿಳಿಯಲ್ಲ. ಮುಂದಿನ ಲಾಟಿನಲ್ಲಿ ಮತ್ತೆ ಅದೇ ಹಾಡು.

ಹಾಗಾಗಿ ಮೊದಲು ಮಶೀನಿನೊಳಗಿನ ಪ್ರತಿಯನ್ನು ಹೊರಗೆ ತೆಗೆದೆ. ಮುದುಕನಿಗೆ ಯುಎಸ್‌ಬಿ ಇಲ್ಲ. ಆರ್‌ಎಸ್-232 ಕೇಬಲ್ಲು, ಈ ಕಡೆ ಲ್ಯಾಪ್‌ಟಾಪಿಗೆ ಒಂದು ಕನ್ವರ್ಟರ್. ಬಾಡ್ ರೇಟ್, ಅಂದರೆ ಅಕ್ಷರ ಕಳಿಸುವ ವೇಗ, ಎರಡೂ ಕಡೆ ಒಂದೇ ಇಲ್ಲದಿದ್ದರೆ ಕಸ ಬರುತ್ತೆ. ಮೊದಲ ಸಲ ಕಸವೇ ಬಂತು. ಎರಡನೇ ಸಲ ಸರಿಯಾಗಿ ಬಂತು, ಮೇಲೊಂದು ಕೆಳಗೊಂದು ಶೇಕಡಾ ಗುರುತಿನ ಸಮೇತ.

ಈಗ ಎರಡು ಫೈಲ್. ಪಿಸಿಯದು ಒಂದು, ಮಶೀನಿನದು ಒಂದು. ಎರಡೂ ಸಾವಿರದ ಒಂಬೈನೂರು ಸಾಲಿನ ಹತ್ತಿರ. ಹೆಚ್ಚಿನದು ಕ್ಯಾಮ್‌ನಿಂದ (ಪ್ರೋಗ್ರಾಂ ತಾನೇ ಬರೆದುಕೊಡುವ ಸಾಫ್ಟ್‌ವೇರ್) ಬಂದ ಪಾಕೆಟ್ ಮಿಲ್ಲಿಂಗ್. ಕಣ್ಣಿನಲ್ಲಿ ಓದಿ ಹೋಲಿಸುವ ಮಾತೇ ಇಲ್ಲ.

ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟಿನ ವಿಎಸ್ ಕೋಡ್ ಇತ್ತು. ಪುಕ್ಕಟೆ ಸಿಗುತ್ತೆ. ಸಾಫ್ಟ್‌ವೇರ್ ಬರೆಯುವವರಿಗೆ ಅಂತ ಮಾಡಿದ್ದು. ಆದರೆ ಪ್ರೋಗ್ರಾಂ ಅಂದರೆ ಕೊನೆಗೂ ಬರೀ ಅಕ್ಷರದ ಫೈಲ್ ಅಲ್ವಾ? ಹೋಲಿಸುವ ಸೌಲಭ್ಯ ಅದರೊಳಗೇ ಇದೆ, ಬೇರೆ ಏನೂ ಸೇರಿಸಬೇಕಿಲ್ಲ. ಎರಡೂ ಫೈಲನ್ನು ಒಂದು ಫೋಲ್ಡರಿನಲ್ಲಿಟ್ಟು, ಆ ಫೋಲ್ಡರನ್ನು ಎಡಿಟರಿನಲ್ಲಿ ತೆರೆದೆ. ಎಡಗಡೆಯ ಪಟ್ಟಿಯಲ್ಲಿ ಪಿಸಿಯ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ 'ಸೆಲೆಕ್ಟ್ ಫಾರ್ ಕಂಪೇರ್'. ಆಮೇಲೆ ಮಶೀನಿನ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ 'ಕಂಪೇರ್ ವಿತ್ ಸೆಲೆಕ್ಟೆಡ್'. ಮೊದಲು ಆರಿಸಿದ್ದು ಎಡಕ್ಕೆ, ಎರಡನೆಯದು ಬಲಕ್ಕೆ ಬರುತ್ತದೆ. ಈ ಕ್ರಮ ನೆನಪಿರಲಿ. ಎಡದಲ್ಲಿದ್ದು ಬಲದಲ್ಲಿ ಇಲ್ಲದ್ದು ಕೆಂಪು, ಬಲದಲ್ಲಿ ಹೊಸದಾಗಿ ಬಂದದ್ದು ಹಸಿರು. ಹಳೆಯದು ಎಡಕ್ಕಿದ್ದರೆ "ಏನು ಹೋಯಿತು, ಏನು ಬಂತು" ಅಂತ ನೇರವಾಗಿ ಓದಬಹುದು. ಉಲ್ಟಾ ಇಟ್ಟರೆ ತಲೆ ಕೆಡುತ್ತದೆ.

ನನ್ನ ಲ್ಯಾಪ್‌ಟಾಪಿನ ಪರದೆ ಚಿಕ್ಕದು. ಅಕ್ಕಪಕ್ಕ ಎರಡು ಕಾಣುವ ಬದಲು ಒಂದರ ಕೆಳಗೊಂದು ಕಂಡಿತು. ಜಾಗ ಸಾಲದಿದ್ದರೆ ಎಡಿಟರ್ ತಾನೇ ಹಾಗೆ ಮಾಡುತ್ತದೆ. ಎಡಗಡೆಯ ಫೈಲ್ ಪಟ್ಟಿ ಮುಚ್ಚಿ, ಅಕ್ಷರ ಸ್ವಲ್ಪ ಸಣ್ಣ ಮಾಡಿದ ಮೇಲೆ ಅಕ್ಕಪಕ್ಕ ಬಂತು.

ನೋಡಿದರೆ ಪರದೆ ಪೂರ್ತಿ ಬಣ್ಣ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಡ ಕೆಂಪು, ಬಲ ಹಸಿರು. ಸಾವಕಾರರು ಹಿಂದೆ ನಿಂತಿದ್ದರು. "ಎಲ್ಲಾ ಬದ್ಲಿ ಮಾಡ್ಯಾನೇನ್ರಿ ಅಂವಾ?"

ಅವನೇನೂ ಮಾಡಿರಲಿಲ್ಲ. ತಪ್ಪು ನಮ್ಮದೇ, ಇನ್ನೂ ಹೇಳಬೇಕೆಂದರೆ ಮುದುಕನ ಹೊಟ್ಟೆಯದು. ಹಳೆಯ ಫ್ಯಾನಕ್ ಕಂಟ್ರೋಲಿನ ಮೆಮೊರಿಯನ್ನು ಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಮೊದಲು ಪ್ರೋಗ್ರಾಂ ಕಾಗದದ ಪಟ್ಟಿಯ ಮೇಲೆ ತೂತು ಹೊಡೆದು ಇರುತ್ತಿತ್ತಲ್ಲ, ಅದರ ಅಳತೆ ಇದು. ನಮ್ಮದು 160 ಮೀಟರಿನದು, ಅಂದರೆ ಸುಮಾರು 64 ಕೆಬಿ. ಇವತ್ತು ಒಂದು ಗುಡ್ ಮಾರ್ನಿಂಗ್ ಚಿತ್ರಕ್ಕೂ ಅಷ್ಟು ಸಾಲದು. ಅಷ್ಟರಲ್ಲೇ ಎಲ್ಲ ಪ್ರೋಗ್ರಾಂ ಕೂರಬೇಕು. ಅದಕ್ಕೆ ಮಶೀನಿಗೆ ಕಳಿಸುವಾಗ ಸಾಲಿನ ಮುಂದಿನ ಎನ್10, ಎನ್20 ಅನ್ನುವ ನಂಬರನ್ನೆಲ್ಲ ತೆಗೆದೇ ಕಳಿಸುತ್ತೇವೆ. ಜೊತೆಗೆ ಈ ಕಂಟ್ರೋಲ್ ಪ್ರೋಗ್ರಾಂ ಹೊರಗೆ ಕೊಡುವಾಗ ಪದಗಳ ನಡುವಿನ ಖಾಲಿ ಜಾಗ ತೆಗೆದು ಕೊಡುತ್ತದೆ. ಹೀಗಾಗಿ ಪಿಸಿಯಲ್ಲಿ 'ಎನ್120 ಜಿ00 ಎಕ್ಸ್42. ವೈ0.' ಅಂತಿದ್ದದ್ದು ಮಶೀನಿನಿಂದ 'ಜಿ00ಎಕ್ಸ್42.ವೈ0.' ಅಂತ ಬಂದಿತ್ತು. ಮಶೀನಿಗೆ ಎರಡೂ ಒಂದೇ. ಎಡಿಟರಿಗೆ ಒಂದೇ ಅಲ್ಲ.

ಇದು ಎಡಿಟರಿನ ಕುಂದಲ್ಲ. ಎರಡು ಫೈಲ್ ಹೋಲಿಸುವ ಈ ವಿದ್ಯೆ ಹಳೆಯದು. 1970ರ ದಶಕದ ಮೊದಲಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಡಗ್ಲಸ್ ಮೆಕಿಲ್‌ರಾಯ್ ಯುನಿಕ್ಸಿಗೆ ಅಂತ 'ಡಿಫ್' ಬರೆದರು. 1976ರಲ್ಲಿ ಜೇಮ್ಸ್ ಹಂಟ್ ಜೊತೆ ಸೇರಿ ಅದರ ಲೆಕ್ಕ ಹೇಗೆ ಅಂತ ಪ್ರಕಟಿಸಿದರು. ಲೆಕ್ಕ ಇಷ್ಟೇ: ಎರಡೂ ಫೈಲಿನಲ್ಲಿ ಅದೇ ಕ್ರಮದಲ್ಲಿ ಬರುವ ಸಾಲುಗಳ ಅತಿ ಉದ್ದದ ಸರಣಿ ಹುಡುಕು, ಆ ಸರಣಿಗೆ ಸೇರದೆ ಉಳಿದದ್ದೇ ವ್ಯತ್ಯಾಸ. ಸಾಲಿನ ಅರ್ಥ ಏನು ಅಂತ ಅದು ಕೇಳಲ್ಲ. ನಮ್ಮ ಎರಡು ಫೈಲಿನಲ್ಲಿ ಒಂದೇ ಥರದ ಸಾಲೇ ಇರಲಿಲ್ಲ, ಸರಣಿ ಎಲ್ಲಿಂದ ಸಿಗಬೇಕು?

ಖಾಲಿ ಜಾಗ ಲೆಕ್ಕಕ್ಕಿಡದ ಸೆಟ್ಟಿಂಗ್ ಒಂದು ವಿಎಸ್ ಕೋಡಿನಲ್ಲಿ ಮೊದಲಿನಿಂದಲೇ ಚಾಲೂ ಇರುತ್ತದೆ. ಅದನ್ನು ನಂಬಿ ನಾನು ಹತ್ತು ನಿಮಿಷ ಹಾಳು ಮಾಡಿದೆ. ಅದು ಬಿಡುವುದು ಸಾಲಿನ ಮೊದಲಿನ ಮತ್ತು ಕೊನೆಯ ಖಾಲಿ ಜಾಗವನ್ನು ಮಾತ್ರ. ನಡುವಿನದ್ದು ಹಾಗೇ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ಎರಡನ್ನೂ ಒಂದೇ ಹದಕ್ಕೆ ತರಬೇಕು. ಮೂಲ ಫೈಲ್ ಮುಟ್ಟಲಿಲ್ಲ, ಎರಡರದ್ದೂ ನಕಲು ಮಾಡಿಕೊಂಡೆ. ಕಂಟ್ರೋಲ್ ಮತ್ತು ಎಚ್ ಒತ್ತಿ ಹುಡುಕಿ ಬದಲಿಸುವ ಪೆಟ್ಟಿಗೆ ತೆರೆದೆ. ಮೇಲೆ ಒಂದು ಖಾಲಿ ಜಾಗ, ಕೆಳಗೆ ಏನೂ ಇಲ್ಲ, ಎಲ್ಲ ಬದಲಿಸು. ಸ್ಪೇಸ್ ಎಲ್ಲ ಹೋಯಿತು. ಆಮೇಲೆ ಸಾಲಿನ ನಂಬರ್. ಪೆಟ್ಟಿಗೆಯ ಬಲ ತುದಿಯಲ್ಲಿ ಚುಕ್ಕೆ ಮತ್ತು ನಕ್ಷತ್ರದ ಗುರುತಿನ ಬಟನ್ ಇದೆ, ಅದನ್ನು ಒತ್ತಿದರೆ ಅಕ್ಷರದ ಬದಲು ನಮೂನೆ ಹುಡುಕಬಹುದು. ಅಲ್ಲಿ ^ಎನ್[0-9]+ ಅಂತ ಕೊಟ್ಟೆ. (ಎನ್ ಜಾಗದಲ್ಲಿ ಇಂಗ್ಲಿಷ್ ಅಕ್ಷರವನ್ನೇ ಒತ್ತಬೇಕು.) ಸಾಲಿನ ಆರಂಭದಲ್ಲೇ ಇರುವ ಎನ್, ಅದರ ನಂತರ ಎಷ್ಟಾದರೂ ಅಂಕಿ ಅಂತ ಅರ್ಥ. ಆ ಮೊದಲ ಗುರುತು ಬಿಟ್ಟರೆ ಕಾಮೆಂಟಿನ ಒಳಗಿರುವ ಎನ್‌ಗಳೂ ಹೋಗಬಹುದು. ಒಂದು ಎಚ್ಚರಿಕೆ: ಈ ನಕಲು ಹೋಲಿಸುವುದಕ್ಕೆ ಮಾತ್ರ. ಗೋಟು ಹಾಕಿ ಸಾಲಿನ ನಂಬರಿಗೆ ಜಿಗಿಯುವ ಪ್ರೋಗ್ರಾಂ ಆಗಿದ್ದರೆ, ನಂಬರ್ ಕಿತ್ತ ಫೈಲನ್ನು ಮಶೀನಿಗೆ ಹಾಕಿದವನ ಗತಿ ಅಷ್ಟೇ.

ಮತ್ತೆ ಹೋಲಿಸಿದೆ. ಪರದೆ ತಣ್ಣಗಾಯಿತು. ಮೇಲ್ಗಡೆಯ ಬಟನ್ ಒತ್ತಿ ಬದಲಾಗದ ಭಾಗವನ್ನೆಲ್ಲ ಮಡಚಿದೆ. ಸಾವಿರದ ಒಂಬೈನೂರು ಸಾಲಿನಲ್ಲಿ ಉಳಿದದ್ದು ಆರು ಬದಲಾವಣೆ. ಆಲ್ಟ್ ಮತ್ತು ಎಫ್5 ಒತ್ತುತ್ತಾ ಒಂದರಿಂದ ಇನ್ನೊಂದಕ್ಕೆ ಹೋದೆ.

ಮೊದಲನೆಯದು ಹೆಸರಿನ ಕಾಮೆಂಟು, ಏನೂ ಅಲ್ಲ. ಫಿನಿಶ್ ಬೋರಿನಲ್ಲಿ ಸ್ಪಿಂಡಲ್ ವೇಗದ ಎಸ್1800 ಹೋಗಿ ಎಸ್1500 ಆಗಿತ್ತು. ಅದರ ಕೆಳಗೇ ಫೀಡಿನ ಎಫ್180 ಹೋಗಿ ಎಫ್140. ಕೂಲಂಟ್ ಶುರು ಮಾಡುವ ಎಂ08 ಒಂದು ಸಾಲು ಮೇಲೆ ಬಂದಿತ್ತು. ಕೌಂಟರ್‌ಬೋರಿನ ತಳದಲ್ಲಿ ಜಿ04 ಪಿ500 ಸೇರಿತ್ತು, ಅಂದರೆ ಟೂಲು ತಳದಲ್ಲಿ ಅರ್ಧ ಸೆಕೆಂಡು ನಿಂತು ಬರಲಿ ಅಂತ. ನಾಲ್ಕನೇ ಟೂಲಿನ ನಂತರ ಒಂದು ಎಂ01, ಬರಾದೆ (ಕೊರೆದ ಕಬ್ಬಿಣದ ಚೂರು) ಊದಲು ನಿಲ್ಲಿಸಿಕೊಂಡಿದ್ದಾನೆ.

ಓದುತ್ತಾ ಓದುತ್ತಾ ನನಗೆ ಸ್ವಲ್ಪ ನಾಚಿಕೆಯಾಯಿತು. ಆ ಬೋರಿನಲ್ಲಿ ಗಡಗಡ ಶಬ್ದ ಬಂದು ಟೂಲಿನ ತುದಿಯ ಇನ್ಸರ್ಟ್ ಒಡೆಯುತ್ತಿದ್ದದ್ದು ನನಗೂ ಗೊತ್ತಿತ್ತು, ಹದಿನೈದು ದಿನದಿಂದ ನಾಳೆ ನೋಡೋಣ ಅನ್ನುತ್ತಿದ್ದೆ. ಅವನು ಯಾರಿಗೂ ಹೇಳದೆ ಸರಿ ಮಾಡಿದ್ದ. ಪಿಸಿಯ ಪ್ರತಿಯನ್ನು ಮೇಲೆ ಹಾಕಿದ್ದರೆ ಇದೆಲ್ಲ ಆ ಕ್ಷಣ ಹೋಗಿರುತ್ತಿತ್ತು.

ಆದರೆ 0.27 ಎಲ್ಲಿ? ಆರರಲ್ಲಿ ಒಂದೂ ತೂತಿನ ಜಾಗ ಮುಟ್ಟುವುದಲ್ಲ. ಸಾವಕಾರರು ಗಡಿಯಾರ ನೋಡಿದರು. ಹೊರಗೆ ಆಷಾಢದ ಮಳೆ ತಗಡಿನ ಮೇಲೆ ಬಾರಿಸುತ್ತಿತ್ತು. ಟೂಲ್ ಆಫ್‌ಸೆಟ್, ಅಂದರೆ ಮಶೀನಿಗೆ ಕೊಟ್ಟ ಟೂಲಿನ ಅಳತೆ, ಇರಬಹುದಾ ಅಂದೆ. ಆಫ್‌ಸೆಟ್ಟುಗಳು, ಜಿ54ರ ಸೊನ್ನೆ ಎಲ್ಲಿ ಅನ್ನುವುದು, ಇವೆಲ್ಲ ಕಂಟ್ರೋಲಿನ ಬೇರೆ ಪುಟದಲ್ಲಿ ಇರುತ್ತವೆ, ಪ್ರೋಗ್ರಾಂ ಫೈಲಿನಲ್ಲಿ ಬರುವುದಿಲ್ಲ. ಎಷ್ಟು ಹೋಲಿಸಿದರೂ ಅವು ಕಾಣಲ್ಲ. ಹೋಗಿ ಅದನ್ನೂ ನೋಡಿ ಬಂದೆ. ಸರಿ ಇದ್ದವು. ಮೇಲಾಗಿ, ಆಫ್‌ಸೆಟ್ ತಪ್ಪಿದ್ದರೂ ಎರಡು ತೂತೂ ಜೊತೆಗೇ ಓಡಬೇಕಲ್ಲ.

ವಾಪಸು ಬಂದು ಕೂತು ಡಾವೆಲ್ ತೂತಿನ ಭಾಗವನ್ನು ಸುಮ್ನೆ ಓದಿದೆ. ಅಲ್ಲಿ ಎಕ್ಸ್ ವೈ ಅಂಕಿಯೇ ಇಲ್ಲ! ಇದ್ದದ್ದು ಎಂ98 ಪಿ8012. ಸಬ್ ಪ್ರೋಗ್ರಾಂ. ಸೆಂಟರ್ ಡ್ರಿಲ್, ಡ್ರಿಲ್, ರೀಮರ್ ಮೂರಕ್ಕೂ ತೂತಿನ ಜಾಗ ಒಂದೇ ಕಡೆ ಬರೆದು ಮೂರು ಸಲ ಕರೆದಿದ್ದೆವು. ಬರೆದವನು ನಾನೇ. ಮರೆತವನೂ ನಾನೇ. ಇಷ್ಟು ಹೊತ್ತು ಬೇರೆಯ ಫೈಲನ್ನು ಹೋಲಿಸುತ್ತಾ ಕೂತಿದ್ದೆ.

ಕೇಬಲ್ ಮತ್ತೆ ಹಚ್ಚಿ 8012 ತೆಗೆದೆ. ಒಂಬತ್ತು ಸಾಲು. ಇಷ್ಟಕ್ಕೆ ಎಡಿಟರ್ ಯಾಕೆ ಅಂತ ಕಣ್ಣಿನಲ್ಲೇ ಓದಿದೆ. ಎಲ್ಲಾ ಸರಿ ಇದೆ ಅನ್ನಿಸಿತು. ಸಾವಕಾರರೂ ಓದಿದರು, "ಹೌದ್ರಿ, ಸರಿನ ಐತಿ" ಅಂದರು. ಆದರೂ ಒಂದು ಸಲ ಹೋಲಿಸೋಣ ಅಂತ ಪಿಸಿಯ ನಕಲಿನ ಸ್ಪೇಸು, ನಂಬರು ತೆಗೆದು ಅದೇ ಬಲ ಕ್ಲಿಕ್, ಅದೇ ಎರಡು ಹೆಜ್ಜೆ. ಒಂದು ಸಾಲು ಬಣ್ಣವಾಯಿತು. ಸಾಲು ಪೂರ್ತಿ ತಿಳಿ ಬಣ್ಣ, ಅದರೊಳಗೆ ಬದಲಾದ ಅಂಕಿ ಮಾತ್ರ ಗಾಢ. ಎಡದಲ್ಲಿ ಎಕ್ಸ್42.85. ಬಲದಲ್ಲಿ ಎಕ್ಸ್42.58.

ಎಂಟು ಮತ್ತು ಐದು ಅದಲು ಬದಲು. ಕಳೆದರೆ 0.27. ಇಬ್ಬರೂ ಎರಡೆರಡು ಸಲ ಓದಿ ದಾಟಿಸಿದ್ದೆವು. ಅದರ ಮೇಲಿನ ಸಾಲಿನಲ್ಲೇ ಎಕ್ಸ್-42.85 ಅಂತ ಇನ್ನೊಂದು ತೂತು ಕೂತಿತ್ತು. ಮನಸ್ಸು ಕೆಳಗಿನದನ್ನೂ ಹಾಗೇ ಓದಿಕೊಂಡಿರಬೇಕು.

ಹೋಲಿಕೆ ಹೇಳುವುದು "ಇವು ಬೇರೆ ಬೇರೆ" ಅಂತ ಮಾತ್ರ. ಯಾವುದು ಸರಿ ಅಂತ ಹೇಳಲ್ಲ. ಪಿಸಿಯದು ಅಂದ ಕೂಡಲೇ ಸರಿ ಅಂತೇನೂ ಇಲ್ಲ. ಸ್ವಲ್ಪ ಹೊತ್ತಿನ ಹಿಂದೆ ಎಫ್140 ವಿಷಯದಲ್ಲಿ ಮಶೀನಿನದೇ ಸರಿ ಆಗಿತ್ತು. ಅದಕ್ಕೆ ಡ್ರಾಯಿಂಗ್ ತೆಗೆದು ನೋಡಿದೆ. 85.70ರ ಅರ್ಧ 42.85. ಸರಿ.

ಸಂಜೆ ಹುಡುಗ ಪಾಳಿಗೆ ಬಂದ. ಅವನ ಮುಂದೆ ಪರದೆ ತಿರುಗಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ಆ ರಾತ್ರಿ ಒಂದು ಪೀಸಿನ ಎಡ ತೂತಿಗೆ ಗೇಜ್ ಹೋಗಿರಲಿಲ್ಲ. ಅದೊಂದಕ್ಕೇ ರೀಮರ್ ಮತ್ತೆ ಹಾಕಬೇಕಿತ್ತು. ಸಬ್ ಪ್ರೋಗ್ರಾಂನಲ್ಲಿ ಬಲ ತೂತಿನ ಎಕ್ಸ್ ಇರುವ ಸಾಲು ಡಿಲೀಟ್ ಮಾಡಿ ಓಡಿಸಿದ. ಆಮೇಲೆ ನೆನಪಿನಿಂದ ಮತ್ತೆ ಟೈಪ್ ಮಾಡಿದ. "ನಾಕ್ ಗಂಟೆ ಆಗಿತ್ರಿ ಸರ. ನಾ ಅಂದ್ಕೊಂಡದ್ದು ಎಂಬತ್ತೈದನ." ಬೆಳಗಿನ ನಾಲ್ಕು. ಅವನಿಗೆ ಏನು ಬೈಯುವುದು? ಸಾಲಿನ ಮುಂದೆ ಓರೆ ಗೆರೆ ಹಾಕಿ ಬ್ಲಾಕ್ ಸ್ಕಿಪ್ ಬಟನ್ ಒತ್ತಿದರೆ ಆ ಸಾಲನ್ನು ಮಶೀನ್ ಬಿಟ್ಟು ಹೋಗುತ್ತದೆ, ಡಿಲೀಟ್ ಬೇಕಿಲ್ಲ. ಅದನ್ನು ನಾವು ಅವನಿಗೆ ಯಾವತ್ತೂ ತೋರಿಸಿರಲಿಲ್ಲ.

ತಿದ್ದುವ ಕೆಲಸ ಉಳಿದಿತ್ತು. ಎಡಿಟರಿನಲ್ಲಿ ಎರಡು ಪ್ರತಿಗಳ ನಡುವಿನ ಅಂಚಿನಲ್ಲಿ ಸಣ್ಣ ಬಾಣದ ಗುರುತು ಬರುತ್ತದೆ. ಅದನ್ನು ಒತ್ತಿದರೆ ಎಡಗಡೆಯದು ಬಲಕ್ಕೆ ಬಂದು ಕೂರುತ್ತದೆ. 8012ರಲ್ಲಿ ಇದ್ದದ್ದೇ ಒಂದು ವ್ಯತ್ಯಾಸ, ಬಾಣ ಒತ್ತಿ ಉಳಿಸಿದೆ. ಮುಖ್ಯ ಪ್ರೋಗ್ರಾಂನಲ್ಲಿ ಈ ಬಾಣದ ಹತ್ತಿರ ಹೋಗಬಾರದು ಅಂತ ಮೊದಲೇ ಅಂದುಕೊಂಡಿದ್ದೆ. ಅಕ್ಕಪಕ್ಕದ ಸಾಲುಗಳು ಬದಲಾಗಿದ್ದರೆ ಅವನ್ನು ಒಂದೇ ಗುಂಪು ಮಾಡಿ ಒಂದೇ ಬಾಣ ಕೊಡುತ್ತದೆ. ಸ್ಪಿಂಡಲ್ ವೇಗ ಮತ್ತು ಫೀಡ್ ಹಾಗೆ ಒಟ್ಟಿಗೆ ಬಿದ್ದಿದ್ದವು. ಒಂದು ಬೇಕು ಒಂದು ಬೇಡ ಅಂದರೆ ಕೈಯಲ್ಲೇ ಟೈಪ್ ಮಾಡಬೇಕು. ಇಲ್ಲಿ ಎರಡೂ ಬೇಕಾಗಿದ್ದವು. ಎಂ01 ಒಂದನ್ನು ಹಗಲು ಪಾಳಿಯವರು ಬೇಡ ಅಂದರು, ಹುಡುಗ ಬೇಕು ಅಂದ. ಆಪ್ಷನಲ್ ಸ್ಟಾಪ್ ಬಟನ್ ಒತ್ತದಿದ್ದರೆ ಮಶೀನ್ ಅಲ್ಲಿ ನಿಲ್ಲುವುದೇ ಇಲ್ಲ, ಜಗಳ ಯಾಕೆ ಅಂತ ಅದನ್ನೂ ಇಟ್ಟೆ. ಹುಡುಗನ ಐದೂ ಬದಲಾವಣೆ ಪಿಸಿಯ ಮೂಲ ಪ್ರತಿಗೆ ಹೋದವು.

ಉಳಿಸುವ ಮುಂಚೆ ಕಂಟ್ರೋಲ್ ಕೆ ಒತ್ತಿ, ಬಿಟ್ಟು, ಡಿ ಒತ್ತಿದೆ. ತೆರೆದಿರುವ ಫೈಲನ್ನು ಡಿಸ್ಕಿನ ಮೇಲೆ ಉಳಿದಿರುವ ಅದರ ಹಳೆಯ ರೂಪದ ಜೊತೆ ಹೋಲಿಸಿ ತೋರಿಸುತ್ತದೆ. ನಾನು ಏನು ಟೈಪ್ ಮಾಡಿದ್ದೇನೆ ಅಂತ ನನಗೇ ತೋರಿಸುವ ಕನ್ನಡಿ. ಎಫ್140 ಬರೆಯುವಲ್ಲಿ ಎಫ್14 ಬರೆದು ಸೊನ್ನೆ ನುಂಗಿದ್ದೆ. ಅಲ್ಲೇ ಸಿಕ್ಕಿತು. ಹುಡುಗ ಪಕ್ಕದಲ್ಲೇ ನಿಂತಿದ್ದ, ನಗಲಿಲ್ಲ, ಒಳ್ಳೆಯವನು.

39 ಪೀಸಿನಲ್ಲಿ ಕೆಲವಕ್ಕೆ ತೂತು ದೊಡ್ಡದು ಮಾಡಿ ಬುಶ್ ಹಾಕಲು ಗಿರಾಕಿ ಒಪ್ಪಿದರು. ಉಳಿದವು ಬಂದ ಕಡೆಗೇ ಹೋದವು, ಮತ್ತೆ ಕರಗಿ ಇನ್ನೇನೋ ಆಗಲು.

ಈಗ ಪ್ರತಿ ಶನಿವಾರ ಸಂಜೆ ಮುದುಕನ ಹೊಟ್ಟೆಯಲ್ಲಿರುವುದನ್ನೆಲ್ಲ ಹೊರಗೆ ತೆಗೆದು, ಸಬ್ ಪ್ರೋಗ್ರಾಂ ಸಮೇತ, ಪಿಸಿಯ ಪ್ರತಿಯ ಪಕ್ಕ ಇಟ್ಟು ನೋಡುತ್ತೇನೆ. ಪಿಸಿಯ ಪ್ರತಿಗಳನ್ನೂ ಸ್ಪೇಸ್ ಇಲ್ಲದೆ, ನಂಬರ್ ಇಲ್ಲದೆ ಇಡುವುದು ರೂಢಿ ಮಾಡಿಕೊಂಡೆವು. ಓದಲು ಚೆನ್ನಾಗಿಲ್ಲ, ನಿಜ. ಆದರೆ ಪ್ರತಿ ವಾರ ಕೆಂಪು ಹಸಿರಿನ ಹೋಳಿ ಆಡಬೇಕಿಲ್ಲ. ಹೆಚ್ಚಿನ ವಾರ ಎಡಿಟರ್ ಏನೂ ತೋರಿಸಲ್ಲ.

ಹೋದ ಶನಿವಾರ ಒಂದು ತೋರಿಸಿತು. ಇನ್ನೊಂದು ಜಾಬಿನ ಡ್ರಿಲ್ಲಿಂಗ್ ಸಾಲಿನಲ್ಲಿ ಕ್ಯೂ5. ಹೋಗಿ ಕ್ಯೂ3. ಆಗಿತ್ತು, ಅಂದರೆ ಡ್ರಿಲ್ ಒಂದು ಸಲಕ್ಕೆ ಐದರ ಬದಲು ಮೂರು ಮಿಲಿಮೀಟರ್ ಇಳಿಯಲಿ ಅಂತ. ಅದರ ಪಕ್ಕದಲ್ಲಿ, ಮಶೀನಿನ ಗಟ್ಟಿ ಗುಂಡಿಗಳನ್ನು ಒಂದೊಂದಾಗಿ ಒತ್ತಿ, ಕಂಸದಲ್ಲಿ ಇಂಗ್ಲಿಷಿನಲ್ಲಿ ಒಂದು ಕಾಮೆಂಟು: ಬರಾದೆ ಸಿಕ್ಕುತ್ತಿದೆ, ರಾತ್ರಿ ಪಾಳಿ, ತಾರೀಖು. ಸ್ಪೆಲ್ಲಿಂಗ್ ಎರಡು ಕಡೆ ತಪ್ಪಿತ್ತು. ಪಿಸಿಯ ಪ್ರತಿಗೆ ಹಾಗೇ ಇಳಿಸಿಕೊಂಡೆ.